ಐದು ರನ್ನಿನ ಲೆಕ್ಕ: ದೇಶ ಕರೆದಾಗ ಊರಿನ ತಂಡ ಏನು ಮಾಡಬೇಕು?

ಬಿಳಿಜೋಳದ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ನಮ್ಮ ಆಳಂದ ತಾಲ್ಲೂಕಿನ ಊರುಗಳಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್‌ಗಳ ಕಾಲ. ಅಂಥ ಒಂದು ಟೂರ್ನಿಯ ಫಲಿತಾಂಶ ಬರೆದುಕೊಳ್ಳಲು ಸರಸಂಬಾಕ್ಕೆ ಹೋಗಿದ್ದಾಗ, ಚಹಾದಂಗಡಿ ಮುಂದೆ ಕೂತಿದ್ದ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು.

"ನಮ್ ಟೀಮಿನಾಗ ಛಲೋ ಬಾಲ್ ಹಾಕಂವ ಒಬ್ಬನೇ ಇದ್ದ ನೋಡ್ರಿ. ಫೈನಲ್ ದಿನಾನೇ ಅವಂಗ ಕಲಬುರಗಿಗಿ ಸೆಲೆಕ್ಷನ್‌ಗ ಕರದ್ರು. ಅಂವ ಅಲ್ಲಿ ಸೆಲೆಕ್ಟ್ ಆಗಲಿಲ್ಲ, ನಾವು ಇಲ್ಲಿ ಸೋತಿವಿ. ಹಂಗಾರ ಲಾಭ ಯಾರಿಗಾಯ್ತ್ರಿ ಸರ?"

ನಾನು ನಕ್ಕು, "ಮುಂದಿನ ವರ್ಷ ಆಗ್ತಾನ ಬಿಡ್ರಿ ಕಾಕಾ" ಎಂದು ಹೇಳಿ ಬೈಕ್ ಹತ್ತಿದೆ. ಆದರೆ ಪ್ರಶ್ನೆ ಬೈಕ್ ಹಿಂದೆಯೇ ಬಂತು. ಮೇಲಿನ ತಂಡ ಬಲವಾಗಬೇಕಾದರೆ ಕೆಳಗಿನ ತಂಡದಿಂದ ಆಟಗಾರರನ್ನು ತೆಗೆದುಕೊಳ್ಳಲೇಬೇಕು. ಒಬ್ಬಿಬ್ಬರಲ್ಲ, ಗಾಯ, ದಣಿವು, ಫಾರ್ಮ್ ಎಲ್ಲಕ್ಕೂ ತಯಾರಾಗಿರಲು ಹದಿನೈದು, ಇಪ್ಪತ್ತು, ಮೂವತ್ತು ಜನರನ್ನು. ಹಾಗೆ ತೆಗೆದುಕೊಂಡಾಗ ಕೆಳಗಿನ ತಂಡ ಮುರಿಯುತ್ತದೆಯೇ? ಮುರಿದರೆ ಆ ನಷ್ಟ ಯಾರ ಖಾತೆಗೆ?

ಇದು ಸರಸಂಬಾದ ಪ್ರಶ್ನೆ ಮಾತ್ರವಲ್ಲ. ರಗ್ಬಿ ಆಡುವ ದೇಶಗಳಲ್ಲಿ ಇದು ದಶಕಗಳ ಜಗಳ. ನಮ್ಮ ರಾಜ್ಯದ ಮಟ್ಟಿಗೆ ಇದಕ್ಕೆ ಉತ್ತರ ಹುಡುಕಬೇಕಾದರೆ ರಣಜಿ ಟ್ರೋಫಿಯ ಇತಿಹಾಸ ನೋಡಬೇಕು. ರಗ್ಬಿಯಲ್ಲಿ ಕ್ಲಬ್ ಇರುವ ಜಾಗದಲ್ಲಿ ನಮ್ಮ ಕ್ರಿಕೆಟ್‌ನಲ್ಲಿ ರಾಜ್ಯ ತಂಡವಿದೆ. ಭಾರತ ತಂಡಕ್ಕೆ ಆಟಗಾರರನ್ನು ಕೊಟ್ಟು ಕೊಟ್ಟು ಬರಿದಾಗಿ, ಮತ್ತೆ ತುಂಬಿಕೊಂಡ ತಂಡಗಳಲ್ಲಿ ಕರ್ನಾಟಕದ್ದು ದೊಡ್ಡ ಹೆಸರು.

ನ್ಯೂಜಿಲೆಂಡ್ ಕಲಿತ ಪಾಠ

ಮೊದಲು ರಗ್ಬಿಯ ಕಥೆಯನ್ನೇ ಹೇಳಿಬಿಡುತ್ತೇನೆ. 2007ರ ವಿಶ್ವಕಪ್‌ಗೆ ಮುನ್ನ ನ್ಯೂಜಿಲೆಂಡ್‌ನ ಕೋಚ್ ಗ್ರಹಾಂ ಹೆನ್ರಿ ಒಂದು ನಿರ್ಧಾರ ಮಾಡಿದರು. ದೇಶದ 22 ಪ್ರಮುಖ ಆಟಗಾರರನ್ನು 'ಸೂಪರ್ 14' ಟೂರ್ನಿಯ ಮೊದಲ ಏಳು ಸುತ್ತಿನಿಂದ ಹೊರಗಿಟ್ಟು, ದೇಹ ಗಟ್ಟಿಮಾಡುವ ತರಬೇತಿಗೆ ಹಾಕಿದರು. ಪ್ರಾದೇಶಿಕ ತಂಡಗಳು ತಮ್ಮ ದೊಡ್ಡ ಹೆಸರುಗಳಿಲ್ಲದೆ ಆಡಬೇಕಾಯಿತು. ಆ ವರ್ಷದ ಫೈನಲ್ ನಡೆದದ್ದು ದಕ್ಷಿಣ ಆಫ್ರಿಕಾದ ಎರಡು ತಂಡಗಳ ನಡುವೆ. ಇಷ್ಟೆಲ್ಲ ಮಾಡಿಯೂ ಅಕ್ಟೋಬರ್‌ನಲ್ಲಿ ಕಾರ್ಡಿಫ್‌ನ ಕ್ವಾರ್ಟರ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ಫ್ರಾನ್ಸ್ ಎದುರು 18-20ರಿಂದ ಸೋತು ಮನೆಗೆ ಹೋಯಿತು. ಕೆಳಗಿನವರಿಗೂ ನಷ್ಟ, ಮೇಲಿನವರಿಗೂ ನಷ್ಟ.

ನಾಲ್ಕು ವರ್ಷದ ನಂತರ, 2011ರ ವಿಶ್ವಕಪ್ ಅವರ ನೆಲದಲ್ಲೇ ನಡೆಯಿತು. ತಂಡದ ಆಟ ನಡೆಸುವ, ಪೆನಾಲ್ಟಿ ಒದೆಯುವ ಮುಖ್ಯ ಆಟಗಾರ ಡಾನ್ ಕಾರ್ಟರ್ ಗಾಯಗೊಂಡರು. ಆತನ ಬದಲಿಗೆ ಬಂದವನೂ ಗಾಯಗೊಂಡ. ಫೈನಲ್ ನಡೆಯುತ್ತಿರುವಾಗ ಮೂರನೆಯವನೂ ಕುಂಟುತ್ತ ಹೊರಬಂದ. ಆಗ ಅಂಗಳಕ್ಕಿಳಿದದ್ದು ನಾಲ್ಕನೆಯವನಾದ ಸ್ಟೀಫನ್ ಡೊನಾಲ್ಡ್. ಮೂಲ ತಂಡದಲ್ಲಿ ಹೆಸರೇ ಇಲ್ಲದ ಈತನಿಗೆ ಕರೆ ಬಂದಾಗ ನದಿಯಲ್ಲಿ ಮೀನು ಹಿಡಿಯುತ್ತಿದ್ದ. ಫ್ರಾನ್ಸ್ ವಿರುದ್ಧ 8-7ರಿಂದ ಗೆದ್ದ ಆ ಫೈನಲ್‌ನಲ್ಲಿ ನಿರ್ಣಾಯಕ ಪೆನಾಲ್ಟಿ ಒದ್ದದ್ದು ಅವನೇ.

ಈ ನಾಲ್ಕನೆಯವನು ಆ ವಿಶ್ವಕಪ್‌ನ ಶಿಬಿರದಲ್ಲಿ ತಯಾರಾದವನಲ್ಲ. ವೈಕಾಟೊ ಎಂಬ ಪ್ರಾಂತ್ಯದ ಪರವಾಗಿ ವರ್ಷಗಟ್ಟಲೆ ಪಂದ್ಯ ಆಡಿದ್ದು ಅವನ ತಯಾರಿಯ ದೊಡ್ಡ ಭಾಗ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡು ನಮ್ಮ ಕಡೆ ಬರೋಣ.

1974: ಎರಡೂ ತಂಡ ತುಂಬಿದ್ದಾಗ

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಶುರುವಾದದ್ದು 1933ರಲ್ಲಿ. ಮೈಸೂರು ತಂಡ 1941-42ರಲ್ಲಿ ಮತ್ತು 1959-60ರಲ್ಲಿ ರಣಜಿ ಫೈನಲ್ ತಲುಪಿ, ಎರಡು ಸಲವೂ ಬಾಂಬೆ ಎದುರು ಇನಿಂಗ್ಸ್ ಸೋಲು ಕಂಡಿತ್ತು. ಬಾಂಬೆಯಂತೂ 1958-59ರಿಂದ 1972-73ರವರೆಗೆ ಸತತ 15 ವರ್ಷ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಬಾಂಬೆಯ ಆ ಓಟ ನಿಂತದ್ದು 1974ರ ಮಾರ್ಚ್‌ನಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ. ಜಿ.ಆರ್. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ ಶತಕ ಬಾರಿಸಿದರು, ಉಳಿದದ್ದನ್ನು ನಾಯಕ ಎರಪಳ್ಳಿ ಪ್ರಸನ್ನ ಮತ್ತು ಬಿ.ಎಸ್. ಚಂದ್ರಶೇಖರ್ ನೋಡಿಕೊಂಡರು. ನಂತರ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಎತ್ತಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿಷಯವಿದೆ. ಆ ತಿಂಗಳು ಭಾರತ ತಂಡಕ್ಕೆ ಕೆಲಸವಿರಲಿಲ್ಲ. ಇಂಗ್ಲೆಂಡ್ ಪ್ರವಾಸ ಶುರುವಾಗಬೇಕಿದ್ದದ್ದು ಏಪ್ರಿಲ್‌ನಲ್ಲಿ. ಹಾಗಾಗಿ ಗಾವಸ್ಕರ್, ವಾಡೇಕರ್ ಇದ್ದ ಬಾಂಬೆಯೂ ತುಂಬಿತ್ತು, ವಿಶ್ವನಾಥ್, ಪ್ರಸನ್ನ, ಚಂದ್ರ ಇದ್ದ ಕರ್ನಾಟಕವೂ ತುಂಬಿತ್ತು. ಯಾರಿಗೂ ನೆಪವಿರಲಿಲ್ಲ. ಅಂದಿನ ವೇಳಾಪಟ್ಟಿಯಲ್ಲಿ ಅಂತರರಾಷ್ಟ್ರೀಯ ಪಂದ್ಯಗಳು ಕಡಿಮೆ, ಏಕದಿನ ಪಂದ್ಯಗಳು ಇಲ್ಲವೆನ್ನುವಷ್ಟು ವಿರಳ. ದೇಶದ ಆಟಗಾರನೇ ರಾಜ್ಯದ ಆಟಗಾರನೂ ಆಗಿರಲು ಕಾಲ ಅನುಕೂಲವಾಗಿತ್ತು.

ಈ ಅನುಕೂಲ ಹೋದದ್ದು ಏಕದಿನ ಕ್ರಿಕೆಟ್ ಬೆಳೆದಂತೆ. ಶಾರ್ಜಾ, ಸಿಂಗಪುರ, ಟೊರಾಂಟೊ, ನೈರೋಬಿ ಎಂದು ಭಾರತ ತಂಡ ವರ್ಷವಿಡೀ ಸುತ್ತತೊಡಗಿತು. ಅದೇ ಹೊತ್ತಿಗೆ, ಆ ತಂಡದ ತುಂಬ ಕನ್ನಡಿಗರೇ ಆದರು.

ಆರು ಮಂದಿ ಹೋದಾಗ

1996ರ ಅಕ್ಟೋಬರ್ 21. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಟಾನ್ ಕಪ್, ಎದುರಾಳಿ ಆಸ್ಟ್ರೇಲಿಯಾ. ಸಚಿನ್ ತೆಂಡೂಲ್ಕರ್ 88 ಹೊಡೆದು ಔಟಾದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಾಗ, ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ ಮುರಿಯದ ಒಂಬತ್ತನೇ ವಿಕೆಟ್‌ಗೆ 52 ರನ್ ಸೇರಿಸಿ ಪಂದ್ಯ ಗೆದ್ದುಕೊಟ್ಟರು. ನಮ್ಮ ವಯಸ್ಸಿನವರಿಗೆ ರೇಡಿಯೊ ಮತ್ತು ಬ್ಲ್ಯಾಕ್ ಅಂಡ್ ವೈಟ್ ಟಿವಿಯ ನೆನಪು ಅದು. ಆ ದಿನದ ಹನ್ನೊಂದರ ತಂಡದಲ್ಲಿ ಕರ್ನಾಟಕದವರು ಆರು ಮಂದಿ: ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ರಾಹುಲ್ ದ್ರಾವಿಡ್, ಸುನಿಲ್ ಜೋಶಿ, ಸುಜಿತ್ ಸೋಮಸುಂದರ್. ಅದೇ ತಿಂಗಳು ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಡೇವಿಡ್ ಜಾನ್ಸನ್ ಮೊದಲ ಟೆಸ್ಟ್ ಆಡಿದ್ದರು. ಮೂರು ತಿಂಗಳ ನಂತರ, 1997ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ದೊಡ್ಡ ಗಣೇಶ್ ಟೆಸ್ಟ್‌ಗೆ ಕಾಲಿಟ್ಟರು.

ಎಂಟು ಜನ! ಒಂದು ರಾಜ್ಯ ತಂಡದ ಮೈಯಿಂದ ಎಂಟು ಎಲುಬು ತೆಗೆದಂತೆ. 1996-97ರ ರಣಜಿ ಕರ್ನಾಟಕಕ್ಕೆ ಸಿಗಲಿಲ್ಲ, ಮುಂಬೈ ಗೆದ್ದಿತು. ಇಲ್ಲಿಗೇ ಕಥೆ ನಿಲ್ಲಿಸಿದರೆ ಸರಸಂಬಾದ ಕಾಕಾ ಹೇಳಿದ್ದೇ ಸರಿ ಎನಿಸುತ್ತದೆ.

ಆದರೆ ಅದರ ಹಿಂದಿನ ವರ್ಷ ನೋಡಿ. 1995-96ರಲ್ಲಿ ಕರ್ನಾಟಕ ಚೆನ್ನೈನಲ್ಲಿ ತಮಿಳುನಾಡನ್ನು ಹಿಂದಿಕ್ಕಿ ಟ್ರೋಫಿ ಗೆದ್ದಿತ್ತು. ಆ ಋತುವಿನಲ್ಲಿ ಕುಂಬ್ಳೆಯೂ ಶ್ರೀನಾಥರೂ ಬಹುಪಾಲು ಭಾರತದ ಜರ್ಸಿಯಲ್ಲಿದ್ದರು, ಫೆಬ್ರುವರಿ-ಮಾರ್ಚ್‌ನಲ್ಲಿ ವಿಶ್ವಕಪ್ ಇತ್ತು. ಅವರಿಲ್ಲದ ದಿನಗಳ ಭಾರ ಹೊತ್ತವರಲ್ಲಿ ಗದಗದ ಸುನಿಲ್ ಜೋಶಿ ಮುಖ್ಯರು. ಒಂದೇ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಹುಡುಗನಿದ್ದಾಗ ಬೆಳಿಗ್ಗೆ ಗದಗದಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ವಾಪಸಾಗುತ್ತಿದ್ದ ಆಟಗಾರ ಅವರು. ಕುಂಬ್ಳೆ ಇದ್ದ ತಂಡದಲ್ಲಿ ಇನ್ನೊಬ್ಬ ಸ್ಪಿನ್ನರ್ ಆಗಿ ಬೆಳೆಯುವುದು ಸುಲಭವಲ್ಲ. ಕುಂಬ್ಳೆ ಮೇಲೆ ಹೋದದ್ದರಿಂದ ಜೋಶಿಗೆ ಓವರ್‌ಗಳು ಸಿಕ್ಕವು. ಓವರ್ ಸಿಕ್ಕದ್ದರಿಂದ 1996ರಲ್ಲಿ ಅವರೂ ಮೇಲೆ ಹೋದರು.

ಈ ಸಾಲಿನ ಕೊನೆಯ ಕೊಂಡಿ 1999ರ ಏಪ್ರಿಲ್. ಬೆಂಗಳೂರಿನಲ್ಲಿ ಮಧ್ಯಪ್ರದೇಶದ ವಿರುದ್ಧ ರಣಜಿ ಫೈನಲ್. ಮುಂದಿನ ತಿಂಗಳು ಇಂಗ್ಲೆಂಡ್‌ನಲ್ಲಿ ವಿಶ್ವಕಪ್, ಹಾಗಾಗಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್ ನಾಲ್ವರೂ ಕರ್ನಾಟಕದ ಪರ ಇರಲಿಲ್ಲ. ಜೋಶಿ ನಾಯಕ. ಚಂದ್ರಕಾಂತ್ ಪಂಡಿತ್ ನೇತೃತ್ವದ ಮಧ್ಯಪ್ರದೇಶ ಮೊದಲ ಇನಿಂಗ್ಸ್‌ನಲ್ಲಿ 75 ರನ್ ಮುನ್ನಡೆ ಪಡೆಯಿತು. ಪಂದ್ಯ ಡ್ರಾ ಆದರೂ ಟ್ರೋಫಿ ಅವರದೇ. ಕೊನೆಯ ದಿನ 247ರ ಗುರಿ ಎದುರಿಗಿಟ್ಟುಕೊಂಡು, ಬರೀ ಉಳಿದುಕೊಂಡಿದ್ದರೆ ಸಾಕಿತ್ತು. ಆದರೆ ವಿಜಯ್ ಭಾರದ್ವಾಜ್ ತಮ್ಮ ಆಫ್‌ಸ್ಪಿನ್‌ನಲ್ಲಿ 24 ರನ್ನಿಗೆ 6 ವಿಕೆಟ್ ಕಿತ್ತರು. ಮಧ್ಯಪ್ರದೇಶ 150ಕ್ಕೆ ಕುಸಿಯಿತು, ಕರ್ನಾಟಕ 96 ರನ್ನಿಂದ ಗೆದ್ದಿತು.

ಭಾರದ್ವಾಜ್ ಮೂಲತಃ ಬ್ಯಾಟ್ಸ್‌ಮನ್. ಆ ಋತುವಿನ ರಣಜಿಯಲ್ಲೇ ಸಾವಿರಕ್ಕೂ ಹೆಚ್ಚು ರನ್ ಹೊಡೆದಿದ್ದರು. ಕುಂಬ್ಳೆ ಆ ದಿನ ಅಂಗಳದಲ್ಲಿದ್ದಿದ್ದರೆ, ಭಾರದ್ವಾಜ್ ಕೈಗೆ ಚೆಂಡು ಎಷ್ಟು ಹೊತ್ತು ಇರುತ್ತಿತ್ತು? ಅದೇ ವರ್ಷ ನೈರೋಬಿಯಲ್ಲಿ ಭಾರತದ ಪರ ಆಡಿ ಸರಣಿ ಶ್ರೇಷ್ಠ ಪ್ರಶಸ್ತಿ ಪಡೆದರು.

ನಾಲ್ಕು ಋತುಗಳಲ್ಲಿ ಮೂರು ಟ್ರೋಫಿ: 1995-96, 1997-98, 1998-99. ಕರ್ನಾಟಕ ಅತಿ ಹೆಚ್ಚು ಆಟಗಾರರನ್ನು ದೇಶಕ್ಕೆ ಕೊಟ್ಟ ಕಾಲವೂ, ತಾನು ಅತಿ ಹೆಚ್ಚು ಗೆದ್ದ ಕಾಲವೂ ಒಂದೇ.

ಆರು ರನ್, ಐದು ರನ್

ಹಾಗೆಂದು ನಷ್ಟವೇ ಇಲ್ಲ ಎನ್ನುವುದು ಸುಳ್ಳು. ಎರಡು ಪಂದ್ಯಗಳನ್ನು ನೋಡಿ.

2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನ. ಹನ್ನೊಂದು ವರ್ಷದ ನಂತರ ಟ್ರೋಫಿ ಕೈಗೆಟುಕುವ ದೂರದಲ್ಲಿತ್ತು. ಮುಂಬೈ ಒಡ್ಡಿದ ಗುರಿ 338. ಮನೀಶ್ ಪಾಂಡೆ 144 ಹೊಡೆದರು. ಆದರೂ ಕರ್ನಾಟಕ 6 ರನ್ನಿಂದ ಸೋತಿತು. ರಾಹುಲ್ ದ್ರಾವಿಡ್ ಆಡಲಿಲ್ಲ. ಜನವರಿ 17ಕ್ಕೆ ಚಿತ್ತಗಾಂಗ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಭಾರತದ ಟೆಸ್ಟ್ ಇತ್ತು. ಆದರೆ ಮುಂಬೈ ಕೂಡ ತೆಂಡೂಲ್ಕರ್, ಜಹೀರ್ ಖಾನ್ ಇಲ್ಲದೆ ಆಡಿತ್ತು. ಇಬ್ಬರ ಮನೆಯಿಂದಲೂ ದೇಶ ತೆಗೆದುಕೊಂಡಿತ್ತು. ಬೇಸರವಿತ್ತು, ದೂರಲು ಜಾಗವಿರಲಿಲ್ಲ.

2017ರ ಡಿಸೆಂಬರ್‌ನ ಕೋಲ್ಕತ್ತ ಹಾಗಲ್ಲ. ಈಡನ್ ಗಾರ್ಡನ್ಸ್‌ನಲ್ಲಿ ವಿದರ್ಭದ ವಿರುದ್ಧ ರಣಜಿ ಸೆಮಿಫೈನಲ್. ವಿದರ್ಭ 185ಕ್ಕೆ ಆಲೌಟ್. ಕರುಣ್ ನಾಯರ್ 153 ಹೊಡೆದು ಕರ್ನಾಟಕಕ್ಕೆ 116 ರನ್ ಮುನ್ನಡೆ ತಂದುಕೊಟ್ಟರು. ಎರಡನೇ ಸಲ ವಿದರ್ಭ 313 ಗಳಿಸಿತು. ಗುರಿ 198. ಕೊನೆಯ ದಿನ ಬೆಳಿಗ್ಗೆ ಕರ್ನಾಟಕ 7 ವಿಕೆಟ್‌ಗೆ 111. ಬಾಲಂಗೋಚಿಗಳು ಒಂದೊಂದೇ ರನ್ ಕೂಡಿಸುತ್ತ 192ರವರೆಗೆ ಎಳೆದರು. ಅಲ್ಲಿ ಕೊನೆಯ ವಿಕೆಟ್ ಬಿತ್ತು. ಎರಡನೇ ಇನಿಂಗ್ಸ್‌ನಲ್ಲಿ ವೇಗಿ ರಜನೀಶ್ ಗುರ್ಬಾನಿಗೆ 7 ವಿಕೆಟ್. ಸೋಲು 5 ರನ್ನಿಂದ.

ಅದರ ಹಿಂದಿನ ದಿನ, ಡಿಸೆಂಬರ್ 20ರಂದು, ಕಟಕ್‌ನಲ್ಲಿ ಭಾರತ-ಶ್ರೀಲಂಕಾ ಟಿ20 ಪಂದ್ಯವಿತ್ತು. ಕೆ.ಎಲ್. ರಾಹುಲ್ 61 ಹೊಡೆದರು, ಮನೀಶ್ ಪಾಂಡೆ ಔಟಾಗದೆ 32. ಭಾರತ 93 ರನ್ನಿಂದ ಗೆದ್ದಿತು. ಇತ್ತ ವಿದರ್ಭದ ಪರವಾಗಿ ಭಾರತದ ವೇಗಿ ಉಮೇಶ್ ಯಾದವ್ ಆಡುತ್ತಿದ್ದರು, ಏಕೆಂದರೆ ಟಿ20 ತಂಡದಲ್ಲಿ ಅವರಿರಲಿಲ್ಲ. ಸೆಮಿಫೈನಲ್ ಗೆದ್ದ ವಿದರ್ಭ ಫೈನಲ್ ಕೂಡ ಗೆದ್ದು ಮೊದಲ ಸಲ ರಣಜಿ ಚಾಂಪಿಯನ್ ಆಯಿತು.

ರಾಹುಲ್ ಇದ್ದಿದ್ದರೆ ಆ ರನ್‌ಗಳು ಬರುತ್ತಿದ್ದವೇ? ಮೊದಲ ಓವರ್‌ನಲ್ಲೇ ಔಟಾಗುತ್ತಿದ್ದರೇನೋ, ಯಾರು ಬಲ್ಲರು. ಕೇಳಬೇಕಾದ ಪ್ರಶ್ನೆ ಬೇರೆ. ವರ್ಷದಲ್ಲಿ ಭಾರತ ಹತ್ತಾರು ಸೀಮಿತ ಓವರ್ ಪಂದ್ಯ ಆಡುತ್ತದೆ. ರಣಜಿ ಸೆಮಿಫೈನಲ್ ವರ್ಷಕ್ಕೆ ಎರಡೇ. ಇವೆರಡೂ ಒಂದೇ ವಾರದಲ್ಲಿ ಬರುವಂತೆ ಕ್ಯಾಲೆಂಡರ್ ಬರೆಯುವುದು ಒಂದೇ ಮಂಡಳಿ. ಎರಡು ಮಾಲೀಕರ ನಡುವಿನ ಜಗಳ ಇದಲ್ಲ, ಒಂದೇ ಮನೆಯ ಎಡವಟ್ಟು. ಇಂಥ ನಷ್ಟವನ್ನು 'ದೇಶಸೇವೆ' ಎಂದು ಮುಚ್ಚಿಹಾಕಬಾರದು.

ಬಂದರೂ ಸೋಲು, ಬರದಿದ್ದರೂ ಗೆಲುವು

ಇನ್ನು ಇದೇ ದಶಕದ ಉಳಿದ ಲೆಕ್ಕ. 2014ರ ಜನವರಿ 29ರಂದು ಹೈದರಾಬಾದ್‌ನಲ್ಲಿ ಮಹಾರಾಷ್ಟ್ರದ ವಿರುದ್ಧ ಫೈನಲ್ ಶುರುವಾದಾಗ, ಕರ್ನಾಟಕದ ಆಲ್‌ರೌಂಡರ್ ಸ್ಟುವರ್ಟ್ ಬಿನ್ನಿ ನ್ಯೂಜಿಲೆಂಡ್‌ನಲ್ಲಿದ್ದರು. ಅದರ ಹಿಂದಿನ ದಿನವಷ್ಟೇ ಹ್ಯಾಮಿಲ್ಟನ್‌ನಲ್ಲಿ ಅವರ ಮೊದಲ ಏಕದಿನ ಪಂದ್ಯ. ಆರ್. ವಿನಯ್ ಕುಮಾರ್ ನಾಯಕತ್ವದ ತಂಡ ಅವರಿಲ್ಲದೆಯೇ ಗೆದ್ದು, 15 ವರ್ಷದ ಬರ ನೀಗಿಸಿತು. ಶತಕ ಹೊಡೆದವರಲ್ಲಿ ಅಂದಿಗೆ ಇನ್ನೂ ಭಾರತ ತಂಡ ಕಾಣದ 21ರ ಹುಡುಗ ಕೆ.ಎಲ್. ರಾಹುಲ್ ಇದ್ದರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಹುಲ್ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. 2015ರ ಜನವರಿಯಲ್ಲಿ ಸಿಡ್ನಿಯಲ್ಲಿ ಶತಕ. ಕೆಲವೇ ವಾರಗಳಲ್ಲಿ ವಾಪಸ್ ಬಂದು ಉತ್ತರ ಪ್ರದೇಶದ ವಿರುದ್ಧ ಬೆಂಗಳೂರಿನಲ್ಲಿ 337. ರಣಜಿಯಲ್ಲಿ ಕರ್ನಾಟಕದ ಮೊದಲ ತ್ರಿಶತಕ ಅದು. ಮಾರ್ಚ್‌ನಲ್ಲಿ ಮುಂಬೈನ ವಾಂಖೆಡೆಯಲ್ಲಿ ತಮಿಳುನಾಡಿನ ವಿರುದ್ಧ ಫೈನಲ್. ಕರುಣ್ ನಾಯರ್ 328, ರಾಹುಲ್ 188, ಇನಿಂಗ್ಸ್ ಮತ್ತು 217 ರನ್ ಗೆಲುವು. ಆಗಲೂ ಬಿನ್ನಿ ಇರಲಿಲ್ಲ. ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನಲ್ಲಿ ನಡೆಯುತ್ತಿದ್ದ ವಿಶ್ವಕಪ್‌ನ ಭಾರತ ತಂಡದಲ್ಲಿದ್ದರು. ಅಲ್ಲಿ ಅವರಿಗೆ ಒಂದೇ ಒಂದು ಪಂದ್ಯವೂ ಸಿಗಲಿಲ್ಲ.

ದೇಶಕ್ಕೆ ಬೆಂಚು ಬೇಕು, ನಿಜ. ಆದರೆ ಬೆಂಚಿನ ಮೇಲೆ ಕೂತವನ ಆಟ ಬೆಳೆಯುವುದಿಲ್ಲ. ರಾಹುಲ್ ಹೋದರು, ಆಡಿದರು, ಕಲಿತದ್ದನ್ನು ವಾಪಸ್ ತಂದರು. ಬಿನ್ನಿಗೆ ಆ ಎರಡು ತಿಂಗಳು ಅಲ್ಲೂ ಪಂದ್ಯವಿಲ್ಲ, ಇಲ್ಲೂ ಪಂದ್ಯವಿಲ್ಲ. ಕಲಬುರಗಿಗೆ ಸೆಲೆಕ್ಷನ್‌ಗೆ ಹೋಗಿ ಬರಿಗೈಲಿ ಬಂದ ನಮ್ಮ ಹುಡುಗನ ಸ್ಥಿತಿಯೂ ಇದೇ.

ಸ್ಟಾರ್‌ಗಳು ಮರಳಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ 2016ರ ಡಿಸೆಂಬರ್ ನೆನಪಿಸಬೇಕು. ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್‌ನಲ್ಲಿ ರಾಹುಲ್ 199, ಕರುಣ್ ನಾಯರ್ ಔಟಾಗದೆ 303. ಟೆಸ್ಟ್ ಮುಗಿದದ್ದು 20ರಂದು. 23ರಂದು ಇಬ್ಬರೂ ವಿಶಾಖಪಟ್ಟಣದಲ್ಲಿ ತಮಿಳುನಾಡಿನ ವಿರುದ್ಧ ಕ್ವಾರ್ಟರ್ ಫೈನಲ್‌ಗೆ ಹಾಜರಿದ್ದರು. ಹಸಿರು ಪಿಚ್‌ನಲ್ಲಿ ಕರ್ನಾಟಕ ಮೊದಲ ದಿನವೇ 88ಕ್ಕೆ ಆಲೌಟ್. ಎರಡೇ ದಿನದಲ್ಲಿ ಪಂದ್ಯ ಮುಗಿದು ಕರ್ನಾಟಕ ಹೊರಬಿತ್ತು.

ಇನ್ನೊಂದು ಕಥೆ 1999ರಲ್ಲಿ ಸೋತ ಪಂಡಿತರದ್ದೇ. 23 ವರ್ಷದ ನಂತರ, 2022ರ ಜೂನ್‌ನಲ್ಲಿ, ಅದೇ ಚಿನ್ನಸ್ವಾಮಿ ಅಂಗಳದಲ್ಲಿ ಅವರು ಮಧ್ಯಪ್ರದೇಶದ ಕೋಚ್ ಆಗಿ ಕೂತಿದ್ದರು. ಆವೇಶ್ ಖಾನ್ ಮತ್ತು ವೆಂಕಟೇಶ್ ಅಯ್ಯರ್ ಭಾರತದ ಟಿ20 ತಂಡದೊಂದಿಗಿದ್ದರು. ಅವರಿಬ್ಬರೂ ಇಲ್ಲದ ತಂಡ ಮುಂಬೈಯನ್ನು ಸೋಲಿಸಿ ಮಧ್ಯಪ್ರದೇಶಕ್ಕೆ ಮೊದಲ ರಣಜಿ ಟ್ರೋಫಿ ತಂದಿತು.

ಫುಟ್‌ಬಾಲ್‌ನಲ್ಲಿ ಹಗ್ಗ ಜಗ್ಗಾಟ

ಕ್ರಿಕೆಟ್‌ನಲ್ಲಿ ರಾಜ್ಯ ಸಂಸ್ಥೆ 'ಕೊಡುವುದಿಲ್ಲ' ಎನ್ನುವುದಿಲ್ಲ. ಫುಟ್‌ಬಾಲ್‌ನಲ್ಲಿ ಕ್ಲಬ್ ಹಾಗೆ ಹೇಳಬಹುದು. ಫಿಫಾ ಗೊತ್ತುಪಡಿಸಿದ ದಿನಗಳಲ್ಲಿ ದೇಶ ಕರೆದರೆ ಬಿಡಲೇಬೇಕು, ಆ ದಿನಗಳ ಹೊರಗೆ ಬಿಡುವುದು ಕ್ಲಬ್‌ನ ಮರ್ಜಿ. ರಗ್ಬಿಯಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ.

2023ರ ಸೆಪ್ಟೆಂಬರ್‌ನಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್ ಬಂದಾಗ ಈ ನಿಯಮ ಎಲ್ಲರಿಗೂ ಕಚ್ಚಿತು. ಗೇಮ್ಸ್ ಫಿಫಾ ದಿನಗಳಲ್ಲಿರಲಿಲ್ಲ, ಅದೇ ವಾರ ಐಎಸ್‌ಎಲ್ ಶುರು. ಕ್ಲಬ್‌ಗಳು ಮುಖ್ಯ ಆಟಗಾರರನ್ನು ಕೊಡಲು ಹಿಂದೇಟು ಹಾಕಿದವು. ಮೊದಲು ಪ್ರಕಟಿಸಿದ ತಂಡ ಚೂರಾಗಿ, ಕೊನೆಗೆ ಸಿಕ್ಕವರನ್ನು ಕೂಡಿಸಿ ಕಳಿಸಲಾಯಿತು. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಆ ತಂಡದ ನಾಯಕರಾಗಿ ಹೋದರು. ಹಿಂದಿನ ದಿನವಷ್ಟೇ ಚೀನಾ ತಲುಪಿದ್ದ ತಂಡ ಸೆಪ್ಟೆಂಬರ್ 19ರಂದು ಆತಿಥೇಯರ ಎದುರು 1-5ರಿಂದ ಸೋತಿತು.

ಸೆಪ್ಟೆಂಬರ್ 21ರಂದು ಎರಡು ಪಂದ್ಯ ನಡೆದವು. ಹಾಂಗ್‌ಝೌನಲ್ಲಿ ಬಾಂಗ್ಲಾದೇಶದ ವಿರುದ್ಧ ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದು ಭಾರತವನ್ನು 1-0ಯಿಂದ ಗೆಲ್ಲಿಸಿದರು. ಕೊಚ್ಚಿಯಲ್ಲಿ ಛೆಟ್ರಿ ಇಲ್ಲದ ಬೆಂಗಳೂರು ಎಫ್‌ಸಿ ಐಎಸ್‌ಎಲ್‌ನ ಮೊದಲ ಪಂದ್ಯದಲ್ಲೇ ಕೇರಳ ಬ್ಲಾಸ್ಟರ್ಸ್ ಎದುರು 1-2ರಿಂದ ಸೋತಿತು. ಆಗ ಛೆಟ್ರಿಗೆ 39 ವರ್ಷ. ಆ ವಯಸ್ಸಿನ ಒಬ್ಬ ಮನುಷ್ಯನಿಗಾಗಿ ದೇಶ ಮತ್ತು ಕ್ಲಬ್ ಎರಡೂ ಪರದಾಡಬೇಕಾಯಿತು ಎಂದರೆ, ಕೊರತೆ ಇದ್ದದ್ದು ಛೆಟ್ರಿಯ ಹಿಂದಿನ ಸಾಲಿನಲ್ಲಿ. ಕ್ಲಬ್ 'ಕೊಡುವುದಿಲ್ಲ' ಎನ್ನುವುದಕ್ಕೂ ಅದೇ ಕಾರಣ: ಕೊಟ್ಟರೆ ಆ ಜಾಗದಲ್ಲಿ ಆಡಲು ಇನ್ನೊಬ್ಬನಿಲ್ಲ.

ಹಿಂದಿನ ಸಾಲು ಎಲ್ಲಿ ಹುಟ್ಟುತ್ತದೆ

ಇಷ್ಟು ಇತಿಹಾಸ ನೋಡಿದ ಮೇಲೆ ನನಗೆ ಕಂಡದ್ದು ಇಷ್ಟು. ಕರೆಸಿಕೊಂಡವರ ಸಂಖ್ಯೆಯಿಂದ ಕೆಳಗಿನ ತಂಡ ಮುರಿಯುವುದಿಲ್ಲ. ಕರೆ ಬರುವ ಮೊದಲೇ ಹಿಂದಿನ ಸಾಲಿನವರಿಗೆ ಪೂರ್ತಿ ಪಂದ್ಯಗಳು ಸಿಕ್ಕಿದ್ದರೆ ತಂಡ ಉಳಿಯುತ್ತದೆ, ಸಿಗದಿದ್ದರೆ ಒಬ್ಬ ಹೋದರೂ ಮುರಿಯುತ್ತದೆ. 1999ರ ಭಾರದ್ವಾಜ್ ಆಗಲಿ, 2011ರ ಡೊನಾಲ್ಡ್ ಆಗಲಿ ಕರೆ ಬಂದ ದಿನ ತಯಾರಾದವರಲ್ಲ.

ಕರ್ನಾಟಕಕ್ಕೆ ಆ ಸಾಲು ಕೊಟ್ಟದ್ದು ಬೆಂಗಳೂರಿನ ಕ್ಲಬ್‌ಗಳು, ಹಲವು ಡಿವಿಜನ್‌ಗಳ ಲೀಗ್, ವಯೋಮಿತಿ ಟೂರ್ನಿಗಳು, ಮತ್ತು ಮೈಸೂರು, ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ರಾಯಚೂರು ಎಂಬ ವಲಯಗಳ ವ್ಯವಸ್ಥೆ. ಮೈಸೂರಿನಿಂದ ಶ್ರೀನಾಥ್, ಗದಗದಿಂದ ಜೋಶಿ, ದಾವಣಗೆರೆಯಿಂದ ವಿನಯ್ ಕುಮಾರ್ ಬಂದದ್ದು ಹೀಗೆ.

ನಮ್ಮ ಕಲಬುರಗಿ ರಾಯಚೂರು ವಲಯಕ್ಕೆ ಸೇರಿದೆ. ಮೇಲಿನ ಹೆಸರುಗಳ ಪಟ್ಟಿಯಲ್ಲಿ ನಮ್ಮ ಕಡೆಯವರನ್ನು ಹುಡುಕಿ ನೋಡಿ, ಸಿಗುವುದಿಲ್ಲ. 2022ರಲ್ಲಿ ಮೊದಲ ಮಹಾರಾಜ ಟ್ರೋಫಿ ಟಿ20 ಟೂರ್ನಿ ಗೆದ್ದದ್ದು 'ಗುಲ್ಬರ್ಗ ಮಿಸ್ಟಿಕ್ಸ್'. ಮನೀಶ್ ಪಾಂಡೆ ನಾಯಕ, ದೇವದತ್ತ ಪಡಿಕ್ಕಲ್ ಕೂಡ ತಂಡದಲ್ಲಿದ್ದರು. ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ನಮ್ಮ ಊರಿನ ಹೆಸರು ಗೆದ್ದಿತು, ನಮ್ಮ ಊರಲ್ಲಿ ಒಂದು ಚೆಂಡೂ ಬೀಳಲಿಲ್ಲ.

ಮೇಲಿನವರು ಈಗ ಒಂದು ಹೆಜ್ಜೆ ಇಟ್ಟಿದ್ದಾರೆ. ಭಾರತದ ಆಟಗಾರರು ಬಿಡುವಿದ್ದಾಗ ದೇಶಿ ಪಂದ್ಯ ಆಡಲೇಬೇಕೆಂದು ಕ್ರಿಕೆಟ್ ಮಂಡಳಿ 2025ರ ಜನವರಿಯಲ್ಲಿ ಕಟ್ಟುನಿಟ್ಟು ಮಾಡಿತು. ಅದೇ ತಿಂಗಳ 30ರಂದು ರಾಹುಲ್ ಹರಿಯಾಣದ ವಿರುದ್ಧ ಕರ್ನಾಟಕದ ಪರ ಕಣಕ್ಕಿಳಿದರು. 2020ರ ನಂತರ ಅವರ ಮೊದಲ ರಣಜಿ ಪಂದ್ಯ ಅದು. ಒಳ್ಳೆಯದೇ. ಆದರೆ ಸ್ಟಾರ್ ಒಂದು ಪಂದ್ಯಕ್ಕೆ ಬಂದಾಗ ಹನ್ನೊಂದರಿಂದ ಒಬ್ಬ ಹುಡುಗ ಹೊರಗೆ ಕೂರುತ್ತಾನೆ ಎಂಬುದೂ ಲೆಕ್ಕದಲ್ಲಿರಬೇಕು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನು ಬರಬೇಕೆಂದು ಕೇಳಿದರೆ, ನನ್ನ ಉತ್ತರ ಇದು: ಸೆಲೆಕ್ಷನ್ ದಿನವನ್ನು ಕೆಳಗಿನ ಟೂರ್ನಿಯ ಫೈನಲ್ ದಿನ ಇಡಬೇಡಿ. ಕರೆಸಿಕೊಂಡವನನ್ನು ಆಡಿಸಿ, ಇಲ್ಲವೇ ಬೇಗ ಕಳಿಸಿಕೊಡಿ. ಆಟಗಾರರನ್ನು ಬೆಳೆಸಿದ ತಾಲ್ಲೂಕಿಗೆ ಲೆದರ್ ಬಾಲ್, ಮ್ಯಾಟ್, ಒಂದು ನೆಟ್ ಆದರೂ ಮರಳಿ ಬರಲಿ. ಇಂಗ್ಲೆಂಡ್‌ನಲ್ಲಿ ಆಟಗಾರರನ್ನು ಬಿಟ್ಟುಕೊಡುವ ಕ್ಲಬ್‌ಗಳಿಗೆ ರಗ್ಬಿ ಒಕ್ಕೂಟ ಒಪ್ಪಂದದಂತೆ ಹಣ ಕೊಡುತ್ತದೆ. ಅದನ್ನು ಯಾರೂ ಭಿಕ್ಷೆ ಎನ್ನುವುದಿಲ್ಲ.

ಕೊನೆಗೆ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸರಸಂಬಾದ ಆ ಫೈನಲ್ ಬಗ್ಗೆ ನಾನು ಕಳಿಸಿದ್ದು ನಾಲ್ಕು ಸಾಲಿನ ಸುದ್ದಿ. 'ಪ್ರಮುಖ ವೇಗಿಯ ಗೈರುಹಾಜರಿ ತಂಡಕ್ಕೆ ಮುಳುವಾಯಿತು' ಎಂಬ ಮಾಮೂಲಿ ವಾಕ್ಯ ಅದರಲ್ಲಿತ್ತು. ಮೊನ್ನೆ ಮತ್ತೆ ಹೋದಾಗ ಕಾಕಾ ಸಿಕ್ಕರು. ಈ ಸಲ ನಾನೇ ಕೇಳಿದೆ: "ಅವತ್ತು ಅವನ ಬದಲಿ ಬಾಲ್ ಹಾಕಿದವರು ಯಾರ್ರಿ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಒಂಬತ್ತನೇತ್ತ ಓದೋ ಪೋರ ಒಬ್ಬ ಇದ್ದ ನೋಡ್ರಿ. ಎರಡು ವಿಕೆಟ್ ತಗದಿದ್ದ. ಛಲೋನೇ ಹಾಕಿದ್ದ ಖರೆ, ನಮ್ ಲಕ್ಷ್ಯ ಅವನ ಕಡಿ ಇರಲೇ ಇಲ್ಲ."

ನನ್ನ ಸುದ್ದಿಯಲ್ಲೂ ಅವನ ಹೆಸರಿರಲಿಲ್ಲ.